ಊಟ ನಮ್ಮಲ್ಲಿ, ಸಿಹಿ ಎದುರಂಗಡಿಯಲ್ಲಿ?
ಕೋಲ್ಕತಾದ ಊಟದ ಮನೆಗಳು ನಮಗೆ ಹೇಳುವ ಪಾಠ

ಒಂದು ಸಣ್ಣ ಪ್ರಶ್ನೆಯಿಂದ ಆರಂಭಿಸೋಣ. ನಿಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಬಿಲ್ಲು ಕೊಟ್ಟು ಹೊರಬಂದ ಗ್ರಾಹಕರು ಮುಂದೆ ಎಲ್ಲಿಗೆ ಹೋಗುತ್ತಾರೆ? ಬೀಡಾ ಅಂಗಡಿಗೋ, ಐಸ್‌ಕ್ರೀಂ ಪಾರ್ಲರಿಗೋ, ಎದುರಿನ ಸ್ವೀಟ್ ಸ್ಟಾಲಿಗೋ? ಅನ್ನ, ಸಾರು, ಪಲ್ಯ ಎಲ್ಲವನ್ನೂ ಕಷ್ಟಪಟ್ಟು ಬಡಿಸಿದವರು ನಾವು. ಆದರೆ ಬಾಯಿ ಸಿಹಿ ಮಾಡಿ ಹೆಚ್ಚು ಲಾಭ ತೆಗೆದವರು ಬೇರೆಯವರು.

ನಾನು ಹೋಟೆಲ್ ನಡೆಸಿದವನಲ್ಲ. ಗಲ್ಲಾಪೆಟ್ಟಿಗೆಯ ಈಚೆ ಬದಿಯಲ್ಲಿ ನಿಂತು ದುಡ್ಡು ಕೊಡುವವನು, ತಿಂಡಿಪ್ರಿಯ. ಊರೂರಿನ ಊಟದ ಎಲೆಯ ಮುಂದೆ ಕುಳಿತ ಅನುಭವದಿಂದ ಹೇಳುವುದಾದರೆ, ಊಟಕ್ಕೂ ಸಿಹಿಗೂ ಇರುವ ನಂಟನ್ನು ವ್ಯಾಪಾರವಾಗಿ ಬೆಳೆಸಿದ ಊರು ನಮ್ಮ ದೇಶದಲ್ಲಿ ಕೋಲ್ಕತಾದಷ್ಟು ಬೇರೆ ಇಲ್ಲ. ಆ ಊರಿನ ಕಥೆ ನಮ್ಮ ಉದ್ಯಮಕ್ಕೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಎಲೆಗೂ ಬೆಲೆ ಕಟ್ಟುವ ಹೋಟೆಲುಗಳು

ಕೋಲ್ಕತಾದಲ್ಲಿ 'ಪೈಸ್ ಹೋಟೆಲ್' ಎಂಬ ಹಳೆಯ ಪದ್ಧತಿಯ ಊಟದ ಮನೆಗಳಿವೆ. ಪೈಸೆ ಲೆಕ್ಕದಲ್ಲಿ ಊಟ ಸಿಗುತ್ತಿದ್ದ ಕಾಲದಲ್ಲಿ ಬಂದ ಹೆಸರು ಇದು. ಹಳ್ಳಿಯಿಂದ ಬಂದ ಗುಮಾಸ್ತರು, ವಿದ್ಯಾರ್ಥಿಗಳು, ಮೆಸ್ಸುಗಳಲ್ಲಿ ವಾಸವಿದ್ದವರು ಇವುಗಳ ಗ್ರಾಹಕರು. ಕಾಲೇಜ್ ಸ್ಟ್ರೀಟ್ ಬಳಿಯ ಸ್ವಾಧೀನ್ ಭಾರತ್ ಹಿಂದೂ ಹೋಟೆಲ್, ನ್ಯೂ ಮಾರ್ಕೆಟ್ ಬಳಿಯ ಸಿದ್ಧೇಶ್ವರಿ ಆಶ್ರಮ, ರಾಸಬಿಹಾರಿ ಕಡೆಯ ತರುಣ್ ನಿಕೇತನ್ ಇವುಗಳಲ್ಲಿ ಹೆಸರಾದವು.

ಇಲ್ಲಿನ ವಿಶೇಷ ಬಿಲ್ಲಿನದು. ನಮ್ಮಲ್ಲಿರುವಂತೆ 'ಪ್ಲೇಟ್ ಮೀಲ್ಸ್ ಇಷ್ಟು' ಎಂಬ ಒಂದೇ ದರ ಇಲ್ಲ. ಅನ್ನಕ್ಕೆ ಒಂದು ದರ, ಬೇಳೆಗೆ ಒಂದು, ಪಲ್ಯಕ್ಕೆ ಒಂದು, ಮೀನಿಗೆ ಒಂದು. ಬಾಳೆ ಎಲೆಗೂ ನಿಂಬೆಹೋಳಿಗೂ ಬೇರೆ ದರ ಹಾಕುವ ರೂಢಿ ಉಂಟು. ಅಂದಿನ ಅಡುಗೆಯನ್ನು ಅಂದೇ ಕರಿಹಲಗೆಯ ಮೇಲೆ ಬರೆಯುತ್ತಾರೆ. ಮಾರುಕಟ್ಟೆಯಲ್ಲಿ ಆ ದಿನ ಏನು ಒಳ್ಳೆಯದು ಸಿಕ್ಕಿತೋ ಅದೇ ಅಡುಗೆ. ಮುಗಿದದ್ದನ್ನು ಅಳಿಸಿಬಿಡುತ್ತಾರೆ.

ಬಂಗಾಳಿ ಊಟದ ಕ್ರಮವೂ ಗಮನಿಸುವಂಥದ್ದು. ಕಹಿಯಿಂದ ಆರಂಭ, ಹಾಗಲಕಾಯಿ ಮುಂತಾದವು ಹಾಕಿದ ಶುಕ್ತೊ ಮೊದಲು. ಆಮೇಲೆ ಬೇಳೆ, ತರಕಾರಿ, ಮೀನು, ಮಾಂಸ. ಕೊನೆಗೆ ಟೊಮೆಟೊ, ಖರ್ಜೂರದ ಸಿಹಿ ಚಟ್ನಿ, ಹಪ್ಪಳ. ಅದರ ಮೇಲೆ ಸಂದೇಶ್ ಅಥವಾ ಮಿಷ್ಟಿ ದೊಯ್ ಎಂಬ ಸಿಹಿ ಮೊಸರು. ನಮ್ಮಲ್ಲಿ ಪಾಯಸ ಬಡಿಸಿದ ಮೇಲೂ ಮಜ್ಜಿಗೆ ಅನ್ನ ಇದ್ದೇ ಇರುತ್ತದೆ. ಅವರ ಊಟ ಸಿಹಿಯಲ್ಲೇ ಮುಗಿಯಬೇಕು. ಹೀಗಾಗಿ ಸಿಹಿ ಅಲ್ಲಿ ಹಬ್ಬದ ಅಡುಗೆಯಲ್ಲ, ದಿನದ ಅಗತ್ಯ.

ಹಾಲು ಒಡೆಸಿ ಊರು ಕಟ್ಟಿದವರು

ಈ ಅಗತ್ಯವನ್ನು ಪೂರೈಸಲು ಬೆಳೆದವರೇ ಅಲ್ಲಿನ ಮಿಠಾಯಿ ಅಂಗಡಿಯವರು. ಬೌಬಜಾರಿನ ಭೀಮಚಂದ್ರ ನಾಗ್ ಅಂಗಡಿ 1826ರದು. ವೈಸ್‌ರಾಯ್ ಕ್ಯಾನಿಂಗ್‌ರ ಪತ್ನಿಯ ಹೆಸರಿನ 'ಲೇಡಿಕೇನಿ' ಈ ಅಂಗಡಿಯೊಂದಿಗೆ ಸೇರಿಕೊಂಡ ಸಿಹಿ. ಸಂದೇಶ್‌ಗೆ ಹೆಸರಾದ ಗಿರೀಶಚಂದ್ರ ದೇ ಮತ್ತು ನಕುಡ್ ಚಂದ್ರ ನಂದಿ ಅಂಗಡಿ 1844ರದು. ಬಾಗ್‌ಬಜಾರಿನ ನವೀನಚಂದ್ರ ದಾಸ್ 1868ರಲ್ಲಿ ಸ್ಪಂಜಿನಂಥ ರಸಗುಲ್ಲ ಮಾಡಿದರೆಂದು ಬಂಗಾಳಿಗಳು ಹೇಳುತ್ತಾರೆ. ಪುರಿಯ ಜಗನ್ನಾಥ ದೇವಾಲಯದ ಸಂಪ್ರದಾಯ ತೋರಿಸಿ ಒಡಿಶಾದವರು ಇದು ನಮ್ಮದೆನ್ನುತ್ತಾರೆ. ಕೊನೆಗೆ 2017ರಲ್ಲಿ ಬಂಗಾಳದ ರಸಗುಲ್ಲಕ್ಕೂ 2019ರಲ್ಲಿ ಒಡಿಶಾದ ರಸಗುಲ್ಲಕ್ಕೂ ಬೇರೆ ಬೇರೆಯಾಗಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ನವೀನಚಂದ್ರರ ಮಗ ಕೆ.ಸಿ. ದಾಸ್ ಅವರ ಸಂಸ್ಥೆ 1930ರಲ್ಲಿ ರಸಗುಲ್ಲವನ್ನು ಡಬ್ಬಿಯಲ್ಲಿ ತುಂಬಿ ಮಾರತೊಡಗಿತು. ಅದೇ ಸಂಸ್ಥೆ 1972ರಲ್ಲಿ ಬೆಂಗಳೂರಿಗೆ ಬಂದು ಸೇಂಟ್ ಮಾರ್ಕ್ಸ್ ರಸ್ತೆಯ ಮೂಲೆಯಲ್ಲಿ ಅಂಗಡಿ ತೆರೆದದ್ದು ನಮ್ಮ ಹಿರಿಯ ಸದಸ್ಯರಿಗೆ ನೆನಪಿರಬಹುದು. ಅಂದರೆ ಅವರ ಸಿಹಿ ನಮ್ಮ ಊರಿಗೆ ಬಂದು ಐವತ್ತು ವರ್ಷ ದಾಟಿತು.

ಸಿಹಿ ಅಲ್ಲಿನ ಜನಕ್ಕೆ ಎಷ್ಟು ಬೇಕು ಎಂಬುದಕ್ಕೆ ಎರಡು ಸಂಗತಿ ಸಾಕು. 1965ರಲ್ಲಿ ಹಾಲಿನ ಕೊರತೆಯಾದಾಗ ಪ್ರಫುಲ್ಲಚಂದ್ರ ಸೇನ್ ಅವರ ಸರ್ಕಾರ ಛೇನಾದ, ಅಂದರೆ ಒಡೆದ ಹಾಲಿನ, ಸಿಹಿಗಳನ್ನು ನಿಷೇಧಿಸಿತು. ಜನ ಇದನ್ನು ಸುಲಭವಾಗಿ ಮರೆಯಲಿಲ್ಲ. 2020ರ ಲಾಕ್‌ಡೌನ್ ವೇಳೆ ಸರ್ಕಾರ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತು. ಮಾರ್ಚ್ ಕೊನೆಗೇ ಮಿಠಾಯಿ ಅಂಗಡಿಗಳನ್ನು ದಿನಕ್ಕೆ ನಾಲ್ಕು ಗಂಟೆ ತೆರೆಯಲು ಅನುಮತಿ ಕೊಟ್ಟಿತು. ಕೊಳ್ಳುವವರಿಲ್ಲದೆ ಹಾಲು ಚೆಲ್ಲಿಹೋಗುತ್ತಿತ್ತು ಎಂಬುದೇ ಕಾರಣ. ಮಿಠಾಯಿ ಅಂಗಡಿಯ ಹಿಂದೆ ಹೈನುಗಾರನ ಹೊಟ್ಟೆಪಾಡೂ ಇರುತ್ತದೆ.

ಮನೆಯ ಸಿಹಿ ಹೊರಗೆ ಬಂದ ಬಗೆ

ಬಂಗಾಳದಲ್ಲಿ ಎರಡು ಬಗೆಯ ಸಿಹಿ. ರಸಗುಲ್ಲ, ಸಂದೇಶ್ ಅಂಗಡಿಯವು. ಇವನ್ನು ಮನೆಯಲ್ಲಿ ಮಾಡುವವರು ಕಡಿಮೆ. ಪಾಯೇಶ್, ಪಿಠೆ ಮನೆಯವು. ಗೋಬಿಂದೋಭೋಗ್ ಎಂಬ ಪರಿಮಳದ ಸಣ್ಣಕ್ಕಿ ಹಾಕಿದ ಪಾಯೇಶ್ ಇಲ್ಲದೆ ಮಕ್ಕಳ ಹುಟ್ಟುಹಬ್ಬ ಆಗುವುದಿಲ್ಲ. ನಮ್ಮ ಮಕರ ಸಂಕ್ರಾಂತಿಯ ದಿನವೇ ಅವರಿಗೆ ಪೌಷ ಸಂಕ್ರಾಂತಿ. ಅಂದು ಮನೆಮನೆಯಲ್ಲೂ ಪಿಠೆ.

ಪಿಠೆಯ ಪಟ್ಟಿ ನೋಡಿದರೆ ನಮ್ಮ ಅಡುಗೆ ಭಟ್ಟರಿಗೆ ನಗು ಬರಬೇಕು. ತೆಳ್ಳನೆಯ ದೋಸೆ ಹುಯ್ದು, ಒಳಗೆ ಕಾಯಿಬೆಲ್ಲದ ಹೂರಣವಿಟ್ಟು ಸುರುಳಿ ಸುತ್ತಿದರೆ ಪಾಟಿಶಾಪ್ಟಾ. ನೀರುದೋಸೆಗೆ ಕಾಯಿಬೆಲ್ಲ ಹಾಕಿ ತಿನ್ನುವ ಕರಾವಳಿಯವರಿಗೆ ಇದೇನು ಹೊಸದೇ? ಅಕ್ಕಿಹಿಟ್ಟಿನ ಪುಟ್ಟ ಕಾಯಿಕಡುಬನ್ನು ಹಾಲಿನಲ್ಲಿ ಬೇಯಿಸಿದರೆ ದೂಧ್ ಪುಲಿ. ಕಾಯಿ ಖೋವಾದ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಪಾಕಕ್ಕೆ ಹಾಕಿದರೆ ಗೋಕುಲ್ ಪಿಠೆ. ನಮ್ಮ ಸುಕ್ಕಿನುಂಡೆಯ ದಾಯಾದಿ.

ಇವೆಲ್ಲಕ್ಕೂ ರುಚಿ ಕೊಡುವುದು ನೋಲೆನ್ ಗುರ್. ಇದು ಈಚಲು ಮರದ ಬೆಲ್ಲ. ಚಳಿಗಾಲದ ರಾತ್ರಿ ಮರಕ್ಕೆ ಮಡಕೆ ಕಟ್ಟಿ, ಬೆಳಕು ಹರಿಯುವ ಮೊದಲು ಇಳಿಸಿ, ಆ ರಸವನ್ನು ಕುದಿಸಿ ತೆಗೆಯುತ್ತಾರೆ. ಮರ ಹತ್ತುವವರಿಗೆ ಶಿಉಲಿ ಎಂದು ಹೆಸರು. ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಮಾತ್ರ ಇದರ ಕಾಲ. ಆ ಮೂರು ತಿಂಗಳು ಅಂಗಡಿಗಳ ಮುಂದೆ 'ನೋಲೆನ್ ಗುರ್ ಬಂದಿದೆ' ಎಂಬ ಫಲಕ ಬಿದ್ದರೆ ಸಾಕು, ಜನ ಸೇರುತ್ತಾರೆ. ಯಾವಾಗಲೂ ಸಿಗುವುದಿಲ್ಲ ಎಂಬುದೇ ಅದರ ಬೆಲೆ.

ಮನೆಯಡುಗೆಯನ್ನು ಹೋಟೆಲಿಗೆ ತಂದ ಉದಾಹರಣೆಗಳೂ ಇವೆ. 1932ರಲ್ಲಿ ಸ್ಥಾಪನೆಯಾದ ಆಲ್ ಬೆಂಗಾಲ್ ವಿಮೆನ್ಸ್ ಯೂನಿಯನ್ ನಿರಾಶ್ರಿತ ಮಹಿಳೆಯರಿಗೆ ಆಸರೆ ಕೊಟ್ಟ ಸಂಸ್ಥೆ. ಅದು 1969ರಲ್ಲಿ ಎಲಿಯಟ್ ರಸ್ತೆಯಲ್ಲಿ 'ಸುರುಚಿ' ಎಂಬ ಊಟದ ಮನೆ ತೆರೆಯಿತು. ಮಹಿಳೆಯರೇ ಅಡುಗೆ ಮಾಡಿ ಬಡಿಸುವ ಸಾದಾ ಬಂಗಾಳಿ ಊಟ ಅಲ್ಲಿನದು. ಬಳಿಕ ಎಲ್ಗಿನ್ ಲೇನ್‌ನ ಮನೆಯೊಂದರಲ್ಲೇ 'ಕ್ಯೂಪೀಸ್' ಬಂತು. 'ಬಾಂಗ್ಲಾ ರಾನ್ನಾ' ಎಂಬ ಅಡುಗೆ ಪುಸ್ತಕ ಬರೆದ ಮೀನಾಕ್ಷಿ ದಾಸ್‌ಗುಪ್ತ ಅವರ ಮನೆಹೆಸರನ್ನೇ ಮಗಳು ಹೋಟೆಲಿಗೆ ಇಟ್ಟರು. 'ಮನೆಯಲ್ಲಿ ಸಿಗುವುದನ್ನು ತಿನ್ನಲು ಹೋಟೆಲಿಗೆ ಯಾರು ಬರುತ್ತಾರೆ' ಎಂಬ ಮಾತನ್ನು ಇವೆರಡೂ ಸುಳ್ಳು ಮಾಡಿದವು. ಗಂಡಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ಪಿಠೆ ಮಾಡಲು ಬಿಡುವಿಲ್ಲದ ಮೇಲೆ, ಮಿಠಾಯಿ ಅಂಗಡಿಯವರೂ ಚಳಿಗಾಲದಲ್ಲಿ ಪಾಟಿಶಾಪ್ಟಾ ಮಾರತೊಡಗಿದರು.

ಲೇಕ್ ಮಾರ್ಕೆಟ್ಟಿನ ನಮ್ಮ ದೋಸೆ

ದಕ್ಷಿಣ ಕೋಲ್ಕತಾದ ಲೇಕ್ ಮಾರ್ಕೆಟ್ ಸುತ್ತಮುತ್ತ ದಕ್ಷಿಣ ಭಾರತದ ಕುಟುಂಬಗಳು ನೆಲೆಸಿ ಹಲವು ದಶಕಗಳಾದವು. ಬಾಳೆ ಎಲೆ, ಮಲ್ಲಿಗೆ, ಕಾಫಿಪುಡಿ ಅಲ್ಲಿ ಸಿಗುತ್ತವೆ. ರಾವ್ಸ್ ಉಡುಪಿ ಹೋಮ್, ಬನಾನಾ ಲೀಫ್, ಪ್ರೇಮ ವಿಲಾಸ್ ಮುಂತಾದ ಹೆಸರುಗಳು ಆ ಭಾಗದ ಗ್ರಾಹಕರಿಗೆ ಚೆನ್ನಾಗಿ ಗೊತ್ತು. ಮಸಾಲೆ ದೋಸೆ, ಇಡ್ಲಿ, ಫಿಲ್ಟರ್ ಕಾಫಿಯನ್ನು ಬಂಗಾಳಿಗಳು ತಮ್ಮ ತಿಂಡಿಯಾಗಿಯೇ ಒಪ್ಪಿಕೊಂಡಿದ್ದಾರೆ. ಇದು ನಮ್ಮ ಉದ್ಯಮಕ್ಕೆ ಹೆಮ್ಮೆಯ ವಿಷಯ.

ಆದರೆ ಆಲೋಚಿಸಿ. ಬಂಗಾಳದ ರಸಗುಲ್ಲ ಬೆಂಗಳೂರಿಗೆ ಬಂತು. ನಮ್ಮ ದೋಸೆ ಕೋಲ್ಕತಾಕ್ಕೆ ಹೋಯಿತು. ನಮ್ಮ ಹೋಳಿಗೆ, ಹಯಗ್ರೀವ ದೋಸೆಯ ಜೊತೆ ಅಷ್ಟು ದೂರ ಏಕೆ ಹೋಗಲಿಲ್ಲ? ನಮ್ಮ ಊರಿನಲ್ಲೇ ನಾವು ಅವನ್ನು ಹೋಟೆಲಿನ ದರಪಟ್ಟಿಯಲ್ಲಿ ಬರೆಯಲಿಲ್ಲ, ಮದುವೆ ಮನೆಗೆ ಬಿಟ್ಟುಕೊಟ್ಟೆವು ಎನ್ನುವುದು ಒಂದು ಕಾರಣ. ಕೇಸರಿಬಾತ್ ಒಂದನ್ನು ಮಾತ್ರ ನಮ್ಮ ಹೋಟೆಲುಗಳು ಪ್ರತಿದಿನ ಬಿಸಿಯಾಗಿ ಮಾಡಿ ಉಳಿಸಿಕೊಂಡವು. ಉಳಿದಂತೆ ಮಿಕ್ಸ್ ಪುಡಿಯ ಜಾಮೂನು, ಫ್ರಿಜ್ಜಿನ ಐಸ್‌ಕ್ರೀಂ. ಈ ತೆರವನ್ನು ಈಗಾಗಲೇ ಬೇರೆಯವರು ತುಂಬುತ್ತಿದ್ದಾರೆ. ಬೆಂಗಳೂರು, ಮೈಸೂರುಗಳಲ್ಲಿ ಬಿಸಿ ಹೋಳಿಗೆ ಮಾಡಿಕೊಡುವ ಅಂಗಡಿಗಳ ಮುಂದೆ ನಿಲ್ಲುವ ಜನರನ್ನು ನೀವೇ ನೋಡಿದ್ದೀರಿ. ಅವರೆಲ್ಲ ನಮ್ಮ ಗ್ರಾಹಕರೇ.

ಋತುವಿಗೆ ಒಂದು ಸಿಹಿ

ಕೋಲ್ಕತಾದವರು ಮಾಡಿದ್ದನ್ನು ನಾವೂ ಮಾಡಬಹುದು, ಅದೂ ನಮ್ಮದೇ ಸಾಮಗ್ರಿಯಿಂದ. ಅವರಿಗೆ ನೋಲೆನ್ ಗುರ್ ಇದ್ದರೆ ನಮಗೆ ಮಲೆನಾಡಿನ ಜೋನಿಬೆಲ್ಲ ಇದೆ. ಆಲೆಮನೆಯ ಕಾಲದಲ್ಲಿ ತಾಜಾ ಜೋನಿಬೆಲ್ಲದೊಂದಿಗೆ ನೀರುದೋಸೆ, ತೊಡದೇವು. ಯುಗಾದಿಯ ಹೊತ್ತಿಗೆ ಬೇಳೆ ಹೋಳಿಗೆ. ಬೇಸಿಗೆಯಲ್ಲಿ ಮಾವಿನ ಸೀಕರಣೆ. ಮಳೆ ಹಿಡಿಯುವಾಗ ಹಲಸಿನ ಹಣ್ಣಿನ ಕಡುಬು, ಶ್ರಾವಣದಲ್ಲಿ ಅರಿಶಿನ ಎಲೆಯ ಪತ್ತೊಳಿ. ಚೌತಿಗೆ ಕಾಯಿಕಡುಬು. ಚಳಿಗಾಲದಲ್ಲಿ ಬಿಸಿ ಗಸಗಸೆ ಪಾಯಸ, ಹಯಗ್ರೀವ. ದಿನಕ್ಕೆ ಒಂದೇ ಸಿಹಿ ಸಾಕು. ಫಲಕದಲ್ಲಿ ಬರೆಯಿರಿ, ಮುಗಿದ ಮೇಲೆ ಅಳಿಸಿರಿ. 'ಖಾಲಿಯಾಯಿತು' ಎಂಬ ಮಾತಿಗಿಂತ ಒಳ್ಳೆಯ ಜಾಹೀರಾತು ಇಲ್ಲ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 200 ಊಟ ಹೋಗುವ ಹೋಟೆಲಿನಲ್ಲಿ ನಾಲ್ವರಲ್ಲಿ ಒಬ್ಬರು 40 ರೂಪಾಯಿಯ ಸಿಹಿ ತೆಗೆದುಕೊಂಡರು ಎನ್ನೋಣ. 50 ಸಿಹಿಗೆ 2,000 ರೂಪಾಯಿ. ತಿಂಗಳಿಗೆ 26 ದಿನವೆಂದರೆ 52,000 ರೂಪಾಯಿ ವ್ಯಾಪಾರ. ಬಾಡಿಗೆ, ದೀಪ, ಕುರ್ಚಿ, ಸಪ್ಲೈಯರ್ ಎಲ್ಲ ಮೊದಲಿನವೇ. ಹೆಚ್ಚಿನ ಖರ್ಚು ಸಾಮಗ್ರಿಯದು ಮತ್ತು ಒಂದು ಜೊತೆ ಕೈಯದು. ಮೊದಲ ವಾರ 20 ಮಾತ್ರ ಮಾಡಿ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಬರೆದಿಟ್ಟುಕೊಂಡು ಹೆಚ್ಚಿಸುತ್ತ ಹೋಗುವುದು ಜಾಣತನ.

ಕೆಲವು ಎಚ್ಚರಿಕೆಗಳೂ ಬೇಕು:

* ಸಿಹಿ ದೋಸೆಗೆ ಬೇರೆ ಕಾವಲಿ ಇಡಿ. ಈರುಳ್ಳಿ ದೋಸೆಯ ವಾಸನೆ ಹತ್ತಿದರೆ ಗ್ರಾಹಕರು ಮತ್ತೆ ಕೇಳುವುದಿಲ್ಲ.
* ಹಾಲಿನ ಪಾಯಸಕ್ಕೆ ಬೆಲ್ಲವನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ, ಬೆಲ್ಲದ ಪರಿಮಳವೂ ಹೋಗುತ್ತದೆ. ಬಂಗಾಳಿ ಗೃಹಿಣಿಯರೂ ನೋಲೆನ್ ಗುರ್ ಪಾಯೇಶ್‌ಗೆ ಇದೇ ಕ್ರಮ ಅನುಸರಿಸುತ್ತಾರೆ.
* ಬಿಡಿ ಸಿಹಿಗಳ ತಟ್ಟೆಯ ಮೇಲೆ 'ಇಂಥ ದಿನದೊಳಗೆ ಬಳಸಿ' ಎಂದು ಬರೆಯುವುದನ್ನು ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. ರಸಗುಲ್ಲ, ರಸಮಲೈಯಂಥ ಹಾಲಿನ ಸಿಹಿಗಳಿಗೆ ಅದು ಸೂಚಿಸಿದ ಅವಧಿ ಎರಡೇ ದಿನ. ನಿನ್ನೆಯ ಸಿಹಿಯನ್ನು ಇಂದು ಬಿಸಿ ಮಾಡಿ ಕೊಡುವ ಆಸೆ ಬೇಡ.
* ನಿಮ್ಮ ಊರಿನಲ್ಲಿ ಹೋಳಿಗೆ, ಕಡುಬಿಗೆ ಹೆಸರಾದ ತಾಯಂದಿರು ಇದ್ದೇ ಇರುತ್ತಾರೆ. ಅವರನ್ನು ದಿನಕ್ಕೆ ಮೂರು ಗಂಟೆಯ ಕೆಲಸಕ್ಕೆ ಗೌರವದ ಸಂಬಳ ಕೊಟ್ಟು ಕರೆಯಿರಿ. 'ಸುರುಚಿ' ತೋರಿಸಿದ ದಾರಿ ಇದು.

ಮನೆಗಳಲ್ಲಿ ಹೋಳಿಗೆಯ ಹೂರಣ ರುಬ್ಬುವವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಮನೆಯಲ್ಲೂ ಇಲ್ಲ, ಹೋಟೆಲಿನಲ್ಲೂ ಇಲ್ಲ ಎಂದಾದರೆ ಇಪ್ಪತ್ತು ವರ್ಷಗಳ ನಂತರ ಪತ್ತೊಳಿ, ತೊಡದೇವುಗಳ ರುಚಿ ಬಲ್ಲ ಗ್ರಾಹಕರೇ ಇರುವುದಿಲ್ಲ. ಕೇಳುವವರೇ ಇಲ್ಲದ ಮೇಲೆ ಮಾಡಿ ಮಾರುವುದಾದರೂ ಯಾರಿಗೆ? ಈಗಲಾದರೆ ಅದರ ನೆನಪಿರುವವರು ನಮ್ಮ ಬಾಗಿಲಿಗೆ ಬರುತ್ತಿದ್ದಾರೆ. ಮುಂದಿನ ತಿಂಗಳು ಪ್ರತಿಯೊಬ್ಬ ಸದಸ್ಯರೂ ತಮ್ಮ ಊರಿನ ಒಂದು ಮನೆಯ ಸಿಹಿಯನ್ನು ದರಪಟ್ಟಿಗೆ ಸೇರಿಸಿ ನೋಡಲಿ. ನಮ್ಮಂಥ ತಿಂಡಿಪ್ರಿಯರು ಬಾಯಿ ಚಪ್ಪರಿಸಿ ದುಡ್ಡು ಕೊಡಲು ಸಿದ್ಧರಿದ್ದೇವೆ.