ಡೈರೆಕ್ಟರಿ ಸರ್ವರ್: ಪಾಸ್‌ವರ್ಡ್ ಕಾಯುವ ಬಗೆ

ನೌಕರರ ಲಾಗಿನ್ ವಿವರಗಳನ್ನು ಓಪನ್‌ಎಲ್‌ಡಿಎಪಿ ಸರ್ವರ್‌ನಲ್ಲಿ ಒಂದೆಡೆ ಇರಿಸುವ ಸಂಸ್ಥೆಗಳು ಪಾಸ್‌ವರ್ಡನ್ನು ಇದ್ದ ರೂಪದಲ್ಲೇ ದಾಖಲಿಸಿದರೆ, ಬ್ಯಾಕಪ್ ಪ್ರತಿಯೊಂದು ಕೈತಪ್ಪಿದರೂ ಲೆಕ್ಕಪತ್ರಗಳ ಬಾಗಿಲು ತೆರೆದಂತೆಯೇ. ‘ಸ್ಲ್ಯಾಪ್‌ಪಾಸ್‌ಡಬ್ಲ್ಯುಡಿ’ ಎಂಬ ಆದೇಶವು ಪಾಸ್‌ವರ್ಡನ್ನು ಎರಡು ಬಾರಿ ಕೇಳಿ ಹ್ಯಾಶ್ ಒಂದನ್ನು ನೀಡುತ್ತದೆ. ದಾಖಲೆಗೆ ಸೇರತಕ್ಕದ್ದು ಅದು ಮಾತ್ರ. ‘ಸಾಲ್ಟ್’ ಎಂಬ ಯಾದೃಚ್ಛಿಕ ಅಂಶ ಬೆರೆಯುವುದರಿಂದ, ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹ್ಯಾಶ್ ಬೇರೆ. ಆದರೆ ‘-ಎಸ್’ ಆಯ್ಕೆಯೊಡನೆ ಪಾಸ್‌ವರ್ಡನ್ನು ಆದೇಶದ ಸಾಲಿನಲ್ಲೇ ಬರೆದರೆ ಅದು ಶೆಲ್‌ನ ಇತಿಹಾಸದಲ್ಲಿ ಉಳಿಯಬಹುದು. ತಿಜೋರಿಗೆ ಬೀಗ ಹಾಕಿ ಕೀಲಿಯನ್ನು ಅದರ ಮೇಲೆಯೇ ಇಟ್ಟಂತೆ.

ರೂಢಿಯ ಎಸ್‌ಎಸ್‌ಎಚ್‌ಎ ವಿಧಾನವು ಎಸ್‌ಎಚ್‌ಎ-1ನ್ನು ಆಧರಿಸಿದ್ದು, ಇಂದಿನ ಯಂತ್ರಗಳ ವೇಗದ ಮುಂದೆ ದುರ್ಬಲ. 2021ರಲ್ಲಿ ಹೊರಬಂದ 2.5ನೇ ಆವೃತ್ತಿಯಲ್ಲಿ ಆರ್ಗಾನ್2 ಮಾಡ್ಯೂಲ್ ಅಧಿಕೃತವಾಗಿ ಲಭ್ಯವಿದೆ. ಯಾವ ವಿಧಾನ ಬಳಕೆಯಲ್ಲಿದೆಯೆಂದು ಸರ್ವರ್ ನಿರ್ವಹಿಸುವವರಿಂದ ಮಾಲೀಕರು ಲಿಖಿತವಾಗಿ ಪಡೆಯುವುದು ಲೇಸು.