ಮದ್ದಿಗೆ ಮಣಿಯದ ಮೂತ್ರಪಿಂಡದ ಅರ್ಬುದ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಬಂಧುಗಳೇ, ಮೂತ್ರಪಿಂಡವು ರಕ್ತವನ್ನು ಸೋಸುವುದಲ್ಲದೆ, ಆಮ್ಲಜನಕವು ಕುಂದಿದೊಡನೆ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನನ್ನು ಸ್ರವಿಸಿ, ಕೆಂಪು ರಕ್ತಕಣಗಳನ್ನು ಹೆಚ್ಚಿಸುವಂತೆ ಅಸ್ಥಿಮಜ್ಜೆಗೆ ಆಜ್ಞಾಪಿಸುವ ಅಂಗವೂ ಹೌದು. ಈ ಆಜ್ಞೆಯ ಮೂಲ ಎಚ್‌ಐಎಫ್ ಎಂಬ ಪ್ರೋಟೀನು; ಹೊಸ ರಕ್ತನಾಳಗಳನ್ನು ಬೆಳೆಸುವ ಆಜ್ಞೆಯೂ ಅದರದೇ. ಅದನ್ನು ನಿಗ್ರಹಿಸಬೇಕಾದ ವಿಎಚ್‌ಎಲ್ ಜೀನು ಮೂತ್ರಪಿಂಡದ ಅರ್ಬುದದ (ಕ್ಯಾನ್ಸರಿನ) ಅತಿ ಸಾಮಾನ್ಯ ಪ್ರಭೇದದಲ್ಲಿ ಬಹುಮಟ್ಟಿಗೆ ಕೆಟ್ಟಿರುವುದರಿಂದ, ಆಮ್ಲಜನಕವು ಸಮೃದ್ಧವಾಗಿರುವಾಗಲೂ ಗಡ್ಡೆಯು ತನಗಾಗಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತಲೇ ಇರುತ್ತದೆ.

2006ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಸುನಿಟಿನಿಬ್ ಎಂಬ ಮದ್ದು ಆ ನಾಳಗಳನ್ನು ತಡೆದುದೇನೋ ನಿಜ. ಆದರೆ ಒಡ್ಡು ಹಾಕಿದೆಡೆ ನಿಲ್ಲದೆ ಮಗ್ಗುಲ ಹೊಲಕ್ಕೆ ನುಗ್ಗುವ ಬೆಣ್ಣೆಹಳ್ಳದ ನೆರೆಯಂತೆ, ರೋಗವು ಕೆಲಕಾಲದ ಮೇಲೆ ಮೆಟ್, ಆಕ್ಸಲ್ ಎಂಬ ಅನ್ಯಮಾರ್ಗಗಳನ್ನು ಹಿಡಿಯುತ್ತದೆ. ಅವನ್ನೂ ಮುಚ್ಚುವ ಕ್ಯಾಬೊಜಾಂಟಿನಿಬ್ ಈ ಅರ್ಬುದಕ್ಕೆ 2016ರಲ್ಲಿ ಬಂದಿತು. ಎಚ್‌ಐಎಫ್ ಎಂಬ ಮೂಲಕ್ಕೇ ಎರಗುವ ಬೆಲ್ಜುಟಿಫಾನ್, ಅನ್ಯ ಚಿಕಿತ್ಸೆಗಳು ಸೋತ ರೋಗಿಗಳಿಗಾಗಿ, 2023ರಲ್ಲಿ ಅಮೆರಿಕದಲ್ಲಿಯೇ ಮಾನ್ಯವಾಯಿತು. ಎಚ್‌ಐಎಫ್ ಅಡಗಿದೊಡನೆ ಎರಿಥ್ರೋಪೊಯೆಟಿನ್ ಹಾರ್ಮೋನೂ ತಗ್ಗುವುದರಿಂದ, ಈ ಮದ್ದು ರಕ್ತಹೀನತೆಯನ್ನು ತರುತ್ತದೆ. ಮೊದಲೇ ರಕ್ತ ಕಡಮೆಯಿರುವ ನಮ್ಮ ತಾಯಂದಿರ ವಿಷಯದಲ್ಲಿ ಇದು ಅತ್ಯಂತ ಲಕ್ಷ್ಯಾರ್ಹ.

ನೋವಿಲ್ಲದಿದ್ದರೂ ಮೂತ್ರದಲ್ಲಿ ರಕ್ತ ಕಂಡರೆ, ಅದು ಈ ರೋಗದ ಸೂಚನೆಯಿರಬಹುದೆಂದರಿತು, ಸುಗ್ಗಿ ಮುಗಿಯಲೆಂದು ಕಾಯದೆ ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಹಿಂದಿನ ಕಿಮ್ಸ್‌ಗಾಗಲಿ ನವನಗರದ ಕ್ಯಾನ್ಸರ್ ಆಸ್ಪತ್ರೆಗಾಗಲಿ ಹೋಗಿರಿ. ಗಡ್ಡೆಯು ಮೂತ್ರಪಿಂಡದೊಳಗೇ ಇರುವಾಗ ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗುವ ಸಂಭವ ಹೆಚ್ಚು.