ದೊಡ್ಡ ಕಸೂತಿ ಮತ್ತು ಬಟ್ಟೆಯ ನಿರ್ವಹಣೆ

(ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಸೂತಿಯ ವಿಷಯವಾಗಿ ಮಾತನಾಡಬೇಕೆಂದು ಕೂಟದವರು ನನ್ನನ್ನು ಕೇಳಿದಾಗ, ನಾನು ಹೊಲಿಗೆ ಹಾಕುವ ಕ್ರಮವನ್ನು ಹೇಳಿಕೊಡುವೆನೆಂದು ನಿಮ್ಮಲ್ಲಿ ಹಲವರು ನಿರೀಕ್ಷಿಸಿರಬಹುದು. ಕ್ರಾಸ್ ಸ್ಟಿಚ್ ಎಂಬ ಹೊಲಿಗೆಯನ್ನು ಕಲಿಯಲು ಹತ್ತು ನಿಮಿಷ ಸಾಕು. ಬಟ್ಟೆಯ ಒಂದು ಮನೆಯ ಮೇಲೆ ಎರಡು ಓರೆ ಎಳೆಗಳು ಒಂದನ್ನೊಂದು ದಾಟಿದರೆ ಹೊಲಿಗೆ ಮುಗಿಯಿತು. ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿವೆಯಷ್ಟೆ; ಅವುಗಳಲ್ಲಿ ಮೆಂತೆ ಎಂಬುದು ಇದೇ ಹೊಲಿಗೆ. ಆದುದರಿಂದ ಇಂದು ನಾನು ಹೇಳಬೇಕೆಂದಿರುವುದು ಹೊಲಿಗೆಯ ಮಾತಲ್ಲ, ಬಟ್ಟೆಯ ಮಾತು. ಅಂಗೈಯಗಲದ ಚಿತ್ರವನ್ನು ಹೊಲಿಯುವವರಿಗೆ ಬಟ್ಟೆಯ ಚಿಂತೆ ಇರುವುದಿಲ್ಲ. ಗೋಡೆಯ ಅರ್ಧಭಾಗವನ್ನು ತುಂಬುವ ಚಿತ್ರವನ್ನು ಕೈಗೆತ್ತಿಕೊಂಡವರಿಗೆ ಮಾತ್ರ ಹೊಲಿಗೆಗಿಂತ ಬಟ್ಟೆಯೇ ಹೆಚ್ಚು ಕಾಡುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಅಡ್ಡಲಾಗಿ 420, ಉದ್ದಕ್ಕೆ 300 ಮನೆಗಳುಳ್ಳ ನಕ್ಷೆಯೊಂದಿದೆಯೆನ್ನಿ. ಎಲ್ಲ ಮನೆಗಳನ್ನೂ ತುಂಬಬೇಕಾದರೆ ಹೊಲಿಗೆಗಳ ಸಂಖ್ಯೆ 1,26,000. ದಿನಕ್ಕೆ ಇನ್ನೂರರಂತೆ ಒಂದು ದಿನವೂ ತಪ್ಪದೆ ಹೊಲಿದರೂ 630 ದಿನಗಳು ಬೇಕು. ನೌಕರಿ, ಮಕ್ಕಳ ಶಾಲೆ, ಅಡುಗೆ, ಊರಿನಿಂದ ಬರುವ ನೆಂಟರು, ಇವೆಲ್ಲ ಇರುವ ಮನೆಯಲ್ಲಿ ಅದು ಮೂರು ವರ್ಷಗಳ ಕೆಲಸ. ಅಷ್ಟು ಕಾಲವೂ ಆ ಬಿಳಿಯ ಬಟ್ಟೆ ನಮ್ಮ ಕೈಯ ಬೆವರು, ಅಡುಗೆಮನೆಯ ಅರಿಶಿನ, ಕಿಟಕಿಯ ಬಿಸಿಲು ಇವುಗಳ ನಡುವೆ ಬದುಕಿ, ಕೊನೆಗೆ ಚೌಕವಾಗಿಯೂ ಶುಭ್ರವಾಗಿಯೂ ಹೊರಬರಬೇಕು.

ಮೊದಲನೆಯದು ಅಳತೆ. ಈ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವ ಐಡಾ ಬಟ್ಟೆಯನ್ನು ಅಂಗುಲಕ್ಕೆ ಎಷ್ಟು ಮನೆಗಳಿವೆ ಎಂಬುದರ ಮೇಲೆ 14, 16, 18 ಎಂದು ಕರೆಯುತ್ತಾರೆ. ಮೇಲೆ ಹೇಳಿದ ನಕ್ಷೆ 14ರ ಬಟ್ಟೆಯ ಮೇಲೆ 30 ಅಂಗುಲ ಅಗಲ, ಸುಮಾರು 21 ½ ಅಂಗುಲ ಎತ್ತರವಾಗುತ್ತದೆ. 18ರ ಬಟ್ಟೆಯ ಮೇಲಾದರೆ 23 ಅಂಗುಲಕ್ಕೆ ತುಸು ಹೆಚ್ಚು ಅಗಲ, 17ಕ್ಕೆ ತುಸು ಕಡಿಮೆ ಎತ್ತರ. ಇದಕ್ಕೆ ನಾಲ್ಕೂ ಕಡೆ ಮೂರು ಮೂರು ಅಂಗುಲ ಬಿಡುವುದು ಅವಶ್ಯ. ಕಟ್ಟು ಹಾಕುವವರು ಬಟ್ಟೆಯನ್ನು ಹಲಗೆಯ ಹಿಂದಕ್ಕೆ ಮಡಿಚಿ ಎಳೆದು ಕಟ್ಟಬೇಕಷ್ಟೆ. ಅಂಚು ಸಾಲದೆ ಹೋದರೆ ಅವರೂ ನಿರುಪಾಯರು.

ಅಂಗಡಿಯ ಚೀಟಿಯಲ್ಲಿ 14 ಎಂದಿದ್ದ ಮಾತ್ರಕ್ಕೆ ನಂಬಬೇಡಿ. ಹಾಸಿನ ಎಳೆ ಮಗ್ಗದ ಮೇಲೆ ಬಿಗಿಯಾಗಿರುತ್ತದೆ, ಹೊಕ್ಕಿನ ಎಳೆ ಅಷ್ಟು ಬಿಗಿಯಾಗಿರುವುದಿಲ್ಲ. ಆದ ಕಾರಣ ಎರಡು ದಿಕ್ಕಿನ ಎಣಿಕೆಗಳು ಸಂಪೂರ್ಣವಾಗಿ ಸಮನಾಗದಿರಬಹುದು. ಅಳತೆಪಟ್ಟಿಯನ್ನಿಟ್ಟು ಎರಡೂ ದಿಕ್ಕಿನಲ್ಲಿ ಹತ್ತು ಹತ್ತು ಅಂಗುಲ ಎಣಿಸಿ ನೋಡಿ. 140 ಮನೆಗಳಿರಬೇಕಾದಲ್ಲಿ 138 ಇದ್ದರೆ, 30 ಅಂಗುಲದ ಚಿತ್ರ ಸುಮಾರು ಅರ್ಧ ಅಂಗುಲ ಹಿಗ್ಗುತ್ತದೆ. ಅಂಥ ಬಟ್ಟೆಯನ್ನು ತಿರಸ್ಕರಿಸಬೇಕಾಗಿಲ್ಲ, ಮೊದಲೇ ತಿಳಿದಿದ್ದರಾಯಿತು.

ಇಲ್ಲಿ ನನ್ನ ಪ್ರಮಾದವೊಂದನ್ನು ಹೇಳಲೇಬೇಕು. ನನ್ನ ಮೊದಲ ದೊಡ್ಡ ಚಿತ್ರ ಇದೇ 420ಕ್ಕೆ 300ರ ಅಳತೆಯದು. ಲೆಕ್ಕ ಹಾಕಿ 36 ಅಂಗುಲಕ್ಕೆ 28 ಅಂಗುಲದ ಬಟ್ಟೆಯನ್ನು ಸರಿಯಾಗಿಯೇ ತಂದೆ. ಆದರೆ ಫ್ರೇಮಿನ ಉರುಳೆಗಳಿಗೆ ಕಟ್ಟುವಾಗ ಬಟ್ಟೆಯನ್ನು ತಿರುಗಿಸಿ ಕಟ್ಟಿದೆ. 36 ಅಂಗುಲದ ಕಡೆ ಎತ್ತರವಾಯಿತು, 28ರ ಕಡೆ ಅಗಲವಾಯಿತು. ಮೇಲಿನ ಎಡಮೂಲೆಯಿಂದ ಆರಂಭಿಸಿ, ನಕ್ಷೆಯ ಎಡಗಡೆಯ ಹಾಳೆಗಳನ್ನು ಕೆಳಗಿನವರೆಗೂ ಮುಗಿಸಿ, ಬಳಿಕ ಬಲಕ್ಕೆ ಸರಿಯುವುದು ನಾನಿಟ್ಟುಕೊಂಡಿದ್ದ ಕ್ರಮ. ಮೊದಲ ಸಾಲು ಮುಗಿದಾಗ ಕೆಳಗೆ ಹನ್ನೊಂದು ಅಂಗುಲಕ್ಕೂ ಹೆಚ್ಚು ಬಟ್ಟೆ ಉಳಿದಿತ್ತು. ಅಂಗಡಿಯವರ ಔದಾರ್ಯವೆಂದು ಸಂತೋಷಪಟ್ಟೆ! ಬಲಗಡೆ ಎಪ್ಪತ್ತು ಮನೆಗಳಿಗೆ ಬಟ್ಟೆಯೇ ಇಲ್ಲವೆಂದು ಅರಿವಾದದ್ದು ಹದಿನಾಲ್ಕು ತಿಂಗಳ ನಂತರ. ಆ ವೇಳೆಗೆ ಅರ್ಧಕ್ಕಿಂತ ಹೆಚ್ಚು ಹೊಲಿದಾಗಿತ್ತು. ಅಂದು ರಾತ್ರಿ ಊಟ ಸೇರಲಿಲ್ಲ.

ಬಿಚ್ಚಿ ಮತ್ತೆ ಹೊಲಿಯುವ ಧೈರ್ಯ ಬರಲಿಲ್ಲ. ಹೊಸ ಬಟ್ಟೆಯ ಪಟ್ಟಿಯೊಂದನ್ನು ತಂದು, ಎಂಟು ಮನೆಗಳಷ್ಟು ಅಗಲ ಹಳೆಯ ಬಟ್ಟೆಯ ಕೆಳಗಿಟ್ಟು, ರಂಧ್ರಕ್ಕೆ ರಂಧ್ರ ಹೊಂದಿಸಿ, ಎರಡು ಪದರಗಳನ್ನೂ ಸೇರಿಸಿ ಹೊಲಿದೆ. ಕೇಳಲು ಸುಲಭ. ಹೊಸ ಬಟ್ಟೆ ಬೇರೆ ಸುರುಳಿಯದಾದ್ದರಿಂದ ಎಣಿಕೆಯಲ್ಲಿ ಅತ್ಯಲ್ಪ ವ್ಯತ್ಯಾಸವಿತ್ತು. ಮುನ್ನೂರು ಮನೆಗಳ ಎತ್ತರದಲ್ಲಿ ಆ ಅಲ್ಪವೇ ಮೂರು ಮನೆಗಳಷ್ಟಾಯಿತು. ತುಸು ತುಸುವೇ ಎಳೆದು ಹೊಂದಿಸುತ್ತ ಬರಬೇಕಾಯಿತು. ಅಂದಿನಿಂದ ಸೂಜಿ ಮುಟ್ಟುವ ಮೊದಲೇ ಬಟ್ಟೆಯ ಮೇಲಂಚಿಗೆ ಕೆಂಪು ನೂಲಿನ ಒಂದು ಕುಚ್ಚನ್ನು ಕಟ್ಟುತ್ತೇನೆ. ಬಟ್ಟೆಯನ್ನು ನಾಲ್ಕಾಗಿ ಮಡಿಚಿ ನಡುಬಿಂದುವನ್ನು ಗುರುತಿಸಿ, ಅಲ್ಲಿಂದ ನಾಲ್ಕು ಅಂಚುಗಳವರೆಗೂ ಮನೆಗಳನ್ನು ಎಣಿಸುತ್ತೇನೆ. ಒಂದು ಗಂಟೆಯ ಕೆಲಸ, ಅಷ್ಟೆ.

ಜೋಡಣೆಯ ಕಷ್ಟ ನನ್ನೊಬ್ಬಳದೇ ಅಲ್ಲವೆಂದು ಮುಂದೆ ತಿಳಿಯಿತು. ಬಾಯೋ ಟೇಪಸ್ಟ್ರಿ ಎಂದು ಪ್ರಸಿದ್ಧವಾದ ಹನ್ನೊಂದನೆಯ ಶತಮಾನದ ಕಸೂತಿಯ ಹೆಸರನ್ನು ಈ ದೇಶದಲ್ಲಿರುವ ನಾವೆಲ್ಲ ಕೇಳಿದ್ದೇವೆ. 1066ರ ಯುದ್ಧದ ಕಥೆ ನಮ್ಮ ಮಕ್ಕಳಿಗೆ ಶಾಲೆಯ ಪಾಠವೇ ಆಗಿದೆ. ಅದು ಕ್ರಾಸ್ ಸ್ಟಿಚ್ ಅಲ್ಲ, ಉಣ್ಣೆಯ ದಾರದ ಬೇರೆ ಬಗೆಯ ಕೆಲಸ. ಸುಮಾರು 70 ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಅಷ್ಟು ಉದ್ದದ ಬಟ್ಟೆಯನ್ನು ಒಮ್ಮೆಗೇ ನಿಭಾಯಿಸಲಾಗದೆ, ಲಿನನ್ ಬಟ್ಟೆಯ ಒಂಬತ್ತು ತುಂಡುಗಳನ್ನು ಜೋಡಿಸಿ ಮಾಡಿದ್ದಾರೆ. ಮೊದಲನೆಯ ಜೋಡಣೆಯಲ್ಲಿ ಅಂಚುಪಟ್ಟಿಯ ಗೆರೆಗಳು ಸರಿಯಾಗಿ ಕೂಡುವುದಿಲ್ಲ. ಅನಂತರದ ಜೋಡಣೆಗಳನ್ನು ಹುಡುಕಿದರೂ ಕಾಣುವುದು ಕಷ್ಟ. ಹೊಲಿದವರು ಮೊದಲ ತಪ್ಪಿನಿಂದ ಪಾಠ ಕಲಿತಂತೆ ತೋರುತ್ತದೆ. 1885-86ರಲ್ಲಿ ಲೀಕ್ ಪಟ್ಟಣದ ಮಹಿಳೆಯರು ಎಲಿಜಬೆತ್ ವಾರ್ಡಲ್ ಅವರ ನೇತೃತ್ವದಲ್ಲಿ ಹೊಲಿದ ಅದರ ಪೂರ್ಣಪ್ರತಿ ರೆಡಿಂಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಮಕ್ಕಳೊಡನೆ ಹೋಗಿ ನೋಡಬಹುದು.

ಇನ್ನು ಅಂಚಿನ ವಿಷಯ. ಕತ್ತರಿಸಿದ ಐಡಾ ಬಟ್ಟೆಯ ಎಳೆಗಳು ದಿನವೂ ಬಿಚ್ಚಿಕೊಳ್ಳುತ್ತವೆ. ಯಂತ್ರದಲ್ಲಿ ಅಂಕುಡೊಂಕು ಹೊಲಿಗೆ ಹಾಕಿಸಿ, ಇಲ್ಲವೇ ಕೈಯಲ್ಲಿಯೇ ಮಡಿಚಿ ಹೊಲಿಯಿರಿ. ಅಂಟುಪಟ್ಟಿಯನ್ನು ಹಚ್ಚುವವರಿದ್ದಾರೆ; ಎರಡು ವರ್ಷಗಳಲ್ಲಿ ಅದರ ಅಂಟು ಬಟ್ಟೆಗೆ ಇಳಿದು ಹಳದಿಯಾಗುತ್ತದೆ. ಬಳಿಕ ಹತ್ತು ಮನೆಗಳಿಗೊಂದರಂತೆ ಅಡ್ಡಲಾಗಿಯೂ ಉದ್ದಕ್ಕೂ ಕಚ್ಚಾ ಹೊಲಿಗೆಯ ಗೆರೆಗಳನ್ನು ಹಾಕಿಕೊಂಡರೆ ಎಣಿಕೆ ತಪ್ಪುವುದಿಲ್ಲ. ಇದಕ್ಕೆ ಮೀನು ಹಿಡಿಯುವ ಸಣ್ಣ ನೈಲಾನ್ ದಾರ ಉತ್ತಮ; ಸೂಜಿ ಅದನ್ನು ಸೀಳುವುದಿಲ್ಲ, ಕೊನೆಯಲ್ಲಿ ಎಳೆದರೆ ಸಲೀಸಾಗಿ ಬರುತ್ತದೆ. ನೀರಿನಲ್ಲಿ ಅಳಿಸಿಹೋಗುವ ನೀಲಿ ಲೇಖನಿಗಳೂ ದೊರೆಯುತ್ತವೆ. ತಿಂಗಳೊಳಗೆ ಮುಗಿಯುವ ಕೆಲಸಕ್ಕೆ ಅವು ಸರಿ. ವರ್ಷಗಟ್ಟಲೆ ಉಳಿಯುವ ಬಟ್ಟೆಗೆ ನಾನು ಒಪ್ಪುವುದಿಲ್ಲ. ಇಸ್ತ್ರಿಯ ಬಿಸಿ ತಗುಲಿದರೆ ಆ ಶಾಯಿ ಶಾಶ್ವತವಾಗಿ ನಿಂತುಬಿಡುತ್ತದೆ.

ಹೊಲಿಯುವಾಗ ಬಟ್ಟೆಯನ್ನು ಹಿಡಿಯುವ ಬಗೆಗೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಉರುಳೆಗಳುಳ್ಳ ಫ್ರೇಮಿನಲ್ಲಿ ಬಟ್ಟೆ ಸಮನಾಗಿ ಬಿಗಿದಿರುತ್ತದೆ, ಆದರೆ ಮುಗಿದ ಭಾಗ ಸುರುಳಿಯೊಳಗೆ ಅಡಗಿ ಕಾಣುವುದಿಲ್ಲ. ನನಗಾದ ಗತಿಗೆ ಅದೂ ಒಂದು ಕಾರಣ. ಸುರುಳಿಯ ಪದರಗಳ ನಡುವೆ ಹಳೆಯ ಹತ್ತಿಯ ಪಂಚೆಯೊಂದನ್ನು ಸೇರಿಸಿ ಸುತ್ತಿದರೆ ಹೊಲಿಗೆಗಳು ಚಪ್ಪಟೆಯಾಗುವುದಿಲ್ಲ, ಕೊಳೆಯೂ ತಾಗುವುದಿಲ್ಲ. ದುಂಡನೆಯ ರಿಂಗು ಉಪಯೋಗಿಸುವವರು ಒಳಬಳೆಗೆ ಹತ್ತಿಯ ಪಟ್ಟಿಯನ್ನು ಸುತ್ತಿ, ಪ್ರತಿ ರಾತ್ರಿಯೂ ತಪ್ಪದೆ ಬಟ್ಟೆಯನ್ನು ಬಿಡಿಸಿಡಬೇಕು. ತಿಂಗಳುಗಟ್ಟಲೆ ಒಂದೇ ಕಡೆ ಕುಳಿತ ರಿಂಗಿನ ಗುರುತು ಒಗೆದರೂ ಹೋಗುವುದಿಲ್ಲ.

ಏನನ್ನೂ ಬಳಸದೆ ಕೈಯಲ್ಲಿಯೇ ಹಿಡಿದು ಹೊಲಿಯುವುದು ನಮ್ಮ ಕಸೂತಿಯ ಪರಂಪರೆ. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ಆನೆಯಂಬಾರಿಗಳನ್ನು ನಕ್ಷೆಯ ಗುರುತೂ ಇಲ್ಲದೆ ಎಳೆ ಎಣಿಸಿಯೇ ಹೊಲಿಯುತ್ತಿದ್ದ ಮಹಿಳೆಯರ ಮಡಿಲಲ್ಲಿ ಉಳಿದ ಅಷ್ಟೂ ಗಜಗಳ ಸೀರೆ ಇರುತ್ತಿತ್ತು. ಸೀರೆಯ ಭಾರ ಹೊಲಿಯುವ ಭಾಗವನ್ನು ಕೆಳಕ್ಕೆ ಜಗ್ಗಬಾರದು. ನೆಲದ ಮೇಲೆ ಕುಳಿತವರಿಗೆ ಆ ತೊಂದರೆಯಿಲ್ಲ, ಬಟ್ಟೆಗೆ ನೆಲದ ಮತ್ತು ಮಡಿಲಿನ ಆಸರೆಯಿರುತ್ತದೆ. ಕುರ್ಚಿಯಲ್ಲಿ ಕುಳಿತು ಹೊಲಿಯುವ ನಾವು ಮಾತ್ರ ಬಟ್ಟೆಯನ್ನು ಇಳಿಬಿಟ್ಟು, ಹೊಲಿಗೆ ಓರೆಯಾಯಿತೆಂದು ದೂರುತ್ತೇವೆ! ಮಗ್ಗುಲಲ್ಲಿ ಒಂದು ಮೇಜನ್ನಿಟ್ಟು ಬಟ್ಟೆಯನ್ನು ಅದರ ಮೇಲೆ ಹರಡಿದರೆ ಸಾಕು. ಉಳಿದದ್ದನ್ನು ಸಡಿಲವಾಗಿ ಸುತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಅಂಚಿಗೆ ಮಾತ್ರ ಹಾಕಿ. ದೊಡ್ಡ ಬಟ್ಟೆಯನ್ನು ತಿರುಗಿಸಿ ಹಿಡಿಯುವ ಪ್ರಸಂಗ ಬಂದಾಗ ಮೇಲಿನ ಓರೆ ಎಳೆಯ ದಿಕ್ಕು ಬದಲಾಗದಂತೆ ನೋಡಿಕೊಳ್ಳಬೇಕು. ಕೆಂಪು ಕುಚ್ಚು ಇಲ್ಲಿಯೂ ಉಪಕಾರಿ.

ಎತ್ತಿಡುವಾಗ ಮಡಿಚಬಾರದು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಿಚಿದ ಬಟ್ಟೆಯ ಆ ಗೆರೆಯಲ್ಲಿ ಧೂಳು ಕೂತು, ಎಳೆಗಳು ಸವೆಯುತ್ತವೆ. ಕೊಳವೆಗೆ ಸುತ್ತಿ, ಮೇಲೆ ಹತ್ತಿಯ ಬಟ್ಟೆ ಹೊದಿಸಿಡಿ. ಪ್ಲಾಸ್ಟಿಕ್ ಚೀಲ ಬೇಡ. ಈ ದೇಶದ ತೇವದ ಹವೆಯಲ್ಲಿ ಒಳಗೆ ಬೂಷ್ಟು ಹಿಡಿಯುತ್ತದೆ. ಅಟ್ಟವೂ ಬೇಡ. ಅರಿಶಿನದ ಕಲೆಗೆ ಬಿಸಿಲು ಮದ್ದೆಂದು ನಮಗೆಲ್ಲ ಗೊತ್ತು, ಆದರೆ ಆ ಬಿಸಿಲೇ ದಾರದ ಬಣ್ಣವನ್ನೂ ಕಳೆಯುತ್ತದೆ. ಒಗ್ಗರಣೆಯ ಕೈಯನ್ನು ಸಾಬೂನಿನಿಂದ ತೊಳೆದು ಕುಳಿತುಕೊಳ್ಳುವುದೇ ಲೇಸು.

ಮುಗಿದ ಬಳಿಕ ಸ್ನಾನದ ತೊಟ್ಟಿಯಲ್ಲಿ ತಣ್ಣೀರು ತುಂಬಿ, ಸೌಮ್ಯವಾದ ಸಾಬೂನು ಬೆರೆಸಿ, ಬಟ್ಟೆಯನ್ನು ಬಿಡಿಸಿ ಮುಳುಗಿಸಿಡಿ. ಉಜ್ಜುವುದಾಗಲಿ ಹಿಂಡುವುದಾಗಲಿ ಕೂಡದು. ಗಾಢ ಕೆಂಪು ದಾರ ಬಣ್ಣ ಬಿಟ್ಟರೆ ಗಾಬರಿಯಾಗಿ ಒಣಹಾಕಬೇಡಿ. ಒಣಗಿದರೆ ಕಲೆ ನಿಲ್ಲುತ್ತದೆ. ನೀರು ತಿಳಿಯಾಗುವವರೆಗೆ ತಣ್ಣೀರನ್ನು ಬದಲಾಯಿಸುತ್ತಲೇ ಇರಿ. ಅನಂತರ ದಪ್ಪ ಟವೆಲಿನಲ್ಲಿ ಸುತ್ತಿ ತೇವ ತೆಗೆದು, ಮತ್ತೊಂದು ಟವೆಲಿನ ಮೇಲೆ ಚಿತ್ರವನ್ನು ಬೋರಲಾಗಿ ಹಾಸಿ, ಹಿಂಬದಿಯಿಂದ ಇಸ್ತ್ರಿ ಮಾಡಿ.

ಜೋಡಣೆ ಹಾಕಿದ ನನ್ನ ಆ ಚಿತ್ರವನ್ನು ಇಂದು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಕಾಫಿಗೆ ಎದ್ದಾಗ ನೋಡಿ. ಜೋಡಣೆ ಎಲ್ಲಿದೆಯೆಂದು ನಾನು ಹೇಳುವುದಿಲ್ಲ; ಬೆರಳಿಟ್ಟು ತಡವಿದರೆ ಆಲದ ಮರದ ಬಳಿ ತಾನಾಗಿಯೇ ತಿಳಿಯುತ್ತದೆ. ಕೈ ತೊಳೆದು ಮುಟ್ಟಬೇಕಾಗಿ ವಿನಂತಿ.